ಮ್ಯೂರಿಯೇಟ್ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ

ಮಡಿಕೇರಿಯ ಹೈಸ್ಕೂಲೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾ ನನ್ನ ಅರ್ಧ ಆಯುಷ್ಯ ಕಳೆದಿದೆ. ಹಾಗಾಗಿಯೇ ಆ ದಿನ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಭಾಗಮಂಡಲದ ಹತ್ತಿರ ನನ್ನ ಅಕ್ಕನಿಗೆ ಸಣ್ಣ ಕಾಫಿ ತೋಟವಿದೆ. ಮಣ್ಣು ಪರೀಕ್ಷೆ ಮಾಡಿದವರು ಚೀಟಿಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ಎಂದು ಬರೆದಿದ್ದರು. ಅಕ್ಕ ಫೋನ್ ಮಾಡಿದಳು.

"ಮಳೆ ಹಿಡಿಯುವ ಮೊದಲು ಹಾಕ್ಬೇಕಂತೆ. ನೀನೇ ತಕೊಂಡು ಬಾ. ನಿಂಗಾದ್ರೆ ಇದೆಲ್ಲ ಗೊತ್ತುಂಟಲ್ಲ."

ಶನಿವಾರ ಶಾಲೆ ಬಿಟ್ಟ ಮೇಲೆ ಗೊಬ್ಬರದ ಅಂಗಡಿಗೆ ಹೋದೆ. ಅಂಗಡಿಯವರು ಒಂದು ಚೀಲ ತೋರಿಸಿದರು. ಅದರ ಮೇಲೆ 'ಮ್ಯೂರಿಯೇಟ್ ಆಫ್ ಪೊಟ್ಯಾಷ್' ಎಂದಿತ್ತು. ಒಳಗೆ ಇಟ್ಟಿಗೆ ಬಣ್ಣದ ಹರಳು. ನಮ್ಮ ಪ್ರಯೋಗಾಲಯದ ಪೊಟ್ಯಾಸಿಯಂ ಕ್ಲೋರೈಡ್ ಉಪ್ಪಿನ ಹಾಗೆ ಬೆಳ್ಳಗಿರುತ್ತದೆ.

"ಇದಲ್ಲ, ನನಗೆ ಕ್ಲೋರೈಡ್ ಬೇಕು," ಎಂದೆ.

"ಟೀಚರೇ, ಎಲ್ರೂ ಇದನ್ನೇ ತಕೊಂಡು ಹೋಗೋದು."

"ಎಲ್ಲರೂ ತಗೊಂಡರೆ ಸರಿಯಾಗಿಬಿಡುತ್ತಾ?" ಎಂದು ಸ್ವಲ್ಪ ಗಡುಸಾಗಿಯೇ ಹೇಳಿ ಹೊರಬಂದೆ. ಇನ್ನೆರಡು ಅಂಗಡಿಗಳಲ್ಲೂ ಅದೇ ಚೀಲ, ಅದೇ ವಾದ. ಒಬ್ಬರಂತೂ ಮೆಡಿಕಲ್ ಶಾಪಿನಲ್ಲಿ ವಿಚಾರಿಸಿ ಎಂದರು. ಬರಿಗೈಯಲ್ಲಿ ಮನೆಗೆ ಬಂದೆ.

ಅಂಗಡಿಯವರಿಗೆ ಏನೂ ತಿಳಿಯುವುದಿಲ್ಲ ಎಂದು ಗೊಣಗುತ್ತಲೇ ದಪ್ಪ ನಿಘಂಟು ತೆಗೆದೆ. ಕ್ಲೋರಿನ್ ಒಂದು ಮೂಲವಸ್ತು ಎಂದು ತಿಳಿಯುವ ಮೊದಲೇ ಅದರ ಲವಣಗಳಿಗೆ ಹಳೆಯ ರಸಾಯನಜ್ಞರು ಇಟ್ಟ ಹೆಸರು ಮ್ಯೂರಿಯೇಟ್. ಉಪ್ಪುನೀರು ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಅಂದರೆ ಕ್ಲೋರೈಡೇ! ಆ ಕೆಂಪು, ಅದಿರಿನಲ್ಲಿ ಬೆರೆತ ಕಬ್ಬಿಣದ್ದು. ಪಾಠಪುಸ್ತಕಗಳು ಆ ಹೆಸರನ್ನು ಯಾವತ್ತೋ ಕೈಬಿಟ್ಟಿವೆ, ಗೊಬ್ಬರದ ಚೀಲ ಬಿಟ್ಟಿಲ್ಲ. ಒಂದೇ ವಸ್ತುವಿಗೆ ಎರಡು ಹೆಸರಿಟ್ಟುಕೊಂಡು, ಕಲಿಸುವವರಿಗೆ ಒಂದು, ಮಣ್ಣಿಗೆ ಹಾಕುವವರಿಗೆ ಇನ್ನೊಂದು ಎಂದು ಹಂಚಿದವರ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನನ್ನ ಮೇಲೆ.

ಭಾನುವಾರ ಅಂಗಡಿಗಳಿಗೆ ರಜೆ. ಸೋಮವಾರ ಬೆಳಿಗ್ಗೆ ಅಕ್ಕನ ಫೋನ್ ಬಂದಾಗ ಹಿಂದೆ ಮಳೆಯ ಸದ್ದಿಗೆ ಅವಳ ಮಾತೇ ಕೇಳಿಸುತ್ತಿರಲಿಲ್ಲ.

"ಇನ್ನು ತರ್ಬೇಡ. ಈಗ ಹಾಕಿದ್ರೆ ಎಲ್ಲ ತೊಳ್ಕೊಂಡು ಹೊಳೆಗೆ ಹೋಗ್ತದೆ."

ನಡೆದದ್ದನ್ನು ಹೇಳಿದೆ.

"ಮ್ಯೂರಿಯೇಟಾ? ಅದನ್ನೇ ಅಲ್ವಾ ನಾವು ವರ್ಷವೂ ಹಾಕೋದು! ಈ ಚೀಟಿಯವ್ರು ಎಂತದೋ ಹೊಸ್ತು ಬರ್ದಿದ್ದಾರೆ ಅಂತ ನಿನ್ನ ಕೇಳಿದ್ದು."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ನಕ್ಕಳು.

ಮರುದಿನ ತರಗತಿಯಲ್ಲಿ ಎರಡೂ ಹೆಸರುಗಳನ್ನು ಬೋರ್ಡಿನ ಮೇಲೆ ಬರೆದೆ. ಸಿಲೆಬಸ್ಸಿನಲ್ಲಿ ಇಲ್ಲದ್ದು ಯಾಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಒಮ್ಮೆ ಗೊಬ್ಬರದ ಅಂಗಡಿಗೆ ಹೋಗಿ ನೋಡಿ ಎಂದೆ. ಮಳೆಗಾಲ ಮುಗಿದ ಮೇಲೆ ಅಕ್ಕ ನನಗೆ ತಿಳಿಸದೆ ತಾನೇ ಹೋಗಿ ಗೊಬ್ಬರ ತಂದು ಹಾಕಿಸಿದಳು.