ಮುಂದಿನ ವರ್ಷಗಳನ್ನೂ ಕಾಯ್ದ ಸಿಪ್ರಿಯನ್ ಪಿಂಟೊ

ನಗರಾಡಳಿತದ ಬಜೆಟ್ಟಿಗೆ ಆಯುಸ್ಸು ಒಂದೇ ವರ್ಷ. ಅದು ಸಹಿ ಹಾಕುವ ಗುತ್ತಿಗೆಗಳಿಗೋ ಹತ್ತು, ಹದಿನೈದು. ಈ ಎರಡನ್ನೂ ಜಗಳವಾಡದಂತೆ ಬಾಳಿಸುವ ವಿದ್ಯೆಯಲ್ಲಿ ಐರ್ಲೆಂಡಿನ ಕನ್ನಡಿಗರಿಗೆಲ್ಲ ಹಿರಿಯರೆಂದರೆ, ಮಂಗಳೂರಿನಿಂದ ಬಂದು ಇಲ್ಲಿಯ ನಗರಾಡಳಿತವೊಂದರ ಹಣಕಾಸು ವಿಭಾಗದಲ್ಲಿ ಎರಡು ದಶಕ ದುಡಿದು ಈಗ ನಿವೃತ್ತರಾಗುತ್ತಿರುವ ಶ್ರೀ ಸಿಪ್ರಿಯನ್ ಪಿಂಟೊ ಅವರು. ಉಳಿದವರು ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ, ಇವರು ಮುಂದಿನ ವರ್ಷಗಳ ಹಾಸಿಗೆಯನ್ನೂ ಅಳೆದ ಮೇಲೆಯೇ ಚಾಚುವವರು.

ಮೈಸೂರಿನ ಗುರುದತ್ ಸಿಪ್ರಿಯನ್ನರ ಕೈಕೆಳಗೆ ಸೇರಿದ್ದು ಕೋವಿಡ್ ವರ್ಷದಲ್ಲಿ. ಮನೆಯೇ ಕಚೇರಿ, ಕೆಲಸವಿನ್ನೂ ಕಾಯಂ ಆಗಿರಲಿಲ್ಲ. ಅದು ಹೋದರೆ ವರ್ಕ್ ಪರ್ಮಿಟ್ಟೂ ಹೋಗಿ, ವಿಮಾನಗಳೇ ಹಾರದ ಕಾಲದಲ್ಲಿ ಬಸುರಿ ಹೆಂಡತಿ ಅನನ್ಯಾಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದೆಂಬ ಭಯ ಅವರನ್ನು ತಿನ್ನುತ್ತಿತ್ತು. ಅಂಗಡಿಗಳು ಮುಚ್ಚಿ ನಗರದ ವರಮಾನ ಸೊರಗಿತ್ತು. ಎಲ್ಲಿ ಕತ್ತರಿ ಹಾಕುವುದೆಂದು ಎಲ್ಲರೂ ಹುಡುಕುತ್ತಿದ್ದರು. ವೃದ್ಧರ ವಸತಿಗಳ ಲಿಫ್ಟ್ ನಿರ್ವಹಣೆಯದು ದೀರ್ಘ ಗುತ್ತಿಗೆ. ಅದರ ಮುಂದಿನ ವರ್ಷಗಳಿಗೆ ಕಾದಿರಿಸಿದ ಮೊತ್ತ ಹೇಗಿದೆಯೆಂದು ಗುರುದತ್ ಕೇಳಿದಾಗ ಸಿಪ್ರಿಯನ್ನರು, "ಅದು ಗ್ರ್ಯಾಂಡ್," ಎಂದರು. ಮೈಸೂರಿನ ಕಿವಿಗೆ ಗ್ರ್ಯಾಂಡ್ ಎಂದರೆ ದೊಡ್ಡ ಛತ್ರದ ಮದುವೆ. ಗುರುದತ್ ಮೊತ್ತವನ್ನು ಅರ್ಧಕ್ಕಿಳಿಸಿದರು.

ಬಜೆಟ್ಟಿನ ಕರಡು ಕೌನ್ಸಿಲರುಗಳ ಕೈಸೇರಿದ ಮೇಲೆ ಸಿಪ್ರಿಯನ್ನರ ಫೋನು ಬಂತು.

"ಇದೆಂತ ಮಾರಾಯಾ?"

"ಸರ್, ನೀವೇ ಗ್ರ್ಯಾಂಡ್ ಅಂದ್ರಲ್ಲ, ಜಾಸ್ತಿ ಆಯ್ತೇನೋ ಅಂತ..."

"ಅಯ್ಯೋ, ಇಲ್ಲಿ ಗ್ರ್ಯಾಂಡ್ ಅಂದ್ರೆ ಸರಿ ಉಂಟು ಅಂತ!"

ಲಿಫ್ಟ್ ನಿಂತರೆ ಮೇಲಿನ ಮಹಡಿಯ ಮುದುಕರ ಗತಿಯೇನು? ಮರುದಿನದ ಆನ್‌ಲೈನ್ ಸಭೆಯಲ್ಲಿ ಮೇಲಧಿಕಾರಿ, ಇದನ್ನು ಕಡಿದವರು ಯಾರೆಂದು ಕೇಳಿದರು. ಒಪ್ಪಿಕೊಳ್ಳಲು ಗುರುದತ್ ಮೈಕಿನತ್ತ ಬೆರಳು ಚಾಚುವಷ್ಟರಲ್ಲಿ ಸಿಪ್ರಿಯನ್ನರು, ಹೊಸಬರಿಗೆ ಬಿಡಿಸಿ ಹೇಳದೆ ಹೋದ ತಪ್ಪು ತಮ್ಮದೆಂದರು. ಅಷ್ಟೇ ಅಲ್ಲ, ಲಿಫ್ಟಿನ ಮೊತ್ತ ಪೂರ್ತಿ ಮರಳುವ ತನಕ ಸಭೆಯಿಂದ ಕದಲಲಿಲ್ಲ. ಆ ಭಾನುವಾರ ಮಡದಿ ಬರ್ನಡೆಟ್ ಮಾಡಿದ ಪತ್ರೊಡೆಯನ್ನು ಗುರುದತ್ತರ ಬಾಗಿಲಲ್ಲಿಟ್ಟು, ಕಾರಿನೊಳಗಿಂದಲೇ ಕೈಬೀಸಿ ಹೋದರು. ತಪ್ಪಿನ ಮಾತು ಮತ್ತೆಂದೂ ಎತ್ತಲಿಲ್ಲ.

ಸಿಪ್ರಿಯನ್ನರು ಆರೋಗ್ಯವಾಗಿ ಬಹುಕಾಲ ಬಾಳಲಿ. ಹೊಸಬರಿಗೆ ಶನಿವಾರಗಳಂದು ಬಜೆಟ್ ಪಾಠ ಹೇಳಬೇಕೆಂಬ ಅವರ ಆಸೆ ಈಡೇರಲಿ. ಗುರುದತ್ ಕೃತಜ್ಞತೆ ಹೇಳಹೋದಾಗಲೆಲ್ಲ ಅವರು ಮಾತು ತೇಲಿಸಿದ್ದಾರೆ. ಅಚ್ಚಾದದ್ದನ್ನು ತೇಲಿಸಲಾಗದೆಂಬ ಧೈರ್ಯದಿಂದ ಆ ಮಾತನ್ನು ಇಲ್ಲಿ ಮುದ್ರಿಸಿದೆ: "ಸರ್, ನಮ್ ಮಗಳು ತನ್ವಿ ಈ ಊರಲ್ಲಿ ಹುಟ್ಟಿ ಬೆಳೀತಿರೋದು ಆವತ್ತು ನೀವು ನನಗಿಂತ ಮೊದಲು ಮಾತಾಡಿದ್ದಕ್ಕೆ."