ಕವಲು ಸೀಳಿದ ಹುಣಸೆಮರ

ಕಡಬದ ರೇವಮ್ಮ ಗಂಡ ತೀರಿಕೊಂಡ ಮೇಲೆ ಹಿತ್ತಿಲ ಹುಣಸೆಮರವನ್ನೇ ನಂಬಿ ಬದುಕಿದವರು. ೧೯೮೨ರ ಬಿರುಗಾಳಿಗೆ ಅದರ ಕವಲು ಸೀಳು ಬಿಟ್ಟಿತು. ಮನೆಯ ಮೇಲೆ ಬೀಳುವ ಮೊದಲು ಕಡಿಸಿ ಎಂದರು ನೆರೆಯವರು. ರೇವಮ್ಮ ಸತ್ಯಮಂಗಲದ ವರ್ಕ್‌ಶಾಪಿನಲ್ಲಿದ್ದ ತಮ್ಮ ಅಂಜನಮೂರ್ತಿಯ ಬಳಿಗೆ ಹೋದರು.

"ಮುರಿದ ಕಬ್ಬಿಣ ಸೇರಿಸ್ತೀಯಲ್ಲ, ನನ್ ಮರನೂ ಸೇರಿಸ್ಕೊಡೋ."

"ಮರಕ್ಕೆ ವೆಲ್ಡಿಂಗ್ ಆಗಕಿಲ್ಲ ಕಣಕ್ಕ" ಎಂದವನು ಭಾನುವಾರ ಬಂದು, ಕವಲಿನ ಎರಡೂ ಕೊಂಬೆಗಳಿಗೆ ತಂತಿಹಗ್ಗ ಸುತ್ತಿ ಎಳೆದು ಕಟ್ಟಿದ. ವರ್ಷದೊಳಗೆ ತಂತಿ ತೊಗಟೆಯನ್ನು ಕೊಯ್ದು ಒಂದು ಕೊಂಬೆ ಬಾಡತೊಡಗಿತು. ರೇವಮ್ಮ ಬೈಯಲಿಲ್ಲ, ಮತ್ತೆ ಕರೆದರು. ಈ ಸಲ ಅವನು ಸುತ್ತು ಬಿಚ್ಚಿ, ಕೊಂಬೆಗಳಿಗೆ ತೂತು ಕೊರೆದು ಬೋಲ್ಟ್ ಹಾಕಿ, ಹಗ್ಗ ತೊಗಟೆಗೆ ತಾಗದಂತೆ ಆ ಬೋಲ್ಟುಗಳಿಗೆ ಬಿಗಿದ. ಸೀಳಿಗೂ ಅಡ್ಡಲಾಗಿ ಒಂದು ಬೋಲ್ಟ್ ಕೂರಿಸಿದ.

ಬಾಡಿದ ಕೊಂಬೆ ಚಿಗುರಿತು. ಆ ಬೇಸಿಗೆ ಹಣ್ಣು ಬಡಿಯಲು ಬಂದವರನ್ನು ರೇವಮ್ಮ ಮರ ಹತ್ತಲು ಬಿಡಲಿಲ್ಲ, ನೆಲದಿಂದಲೇ ಗಳದಲ್ಲಿ ಬಡಿಸಿದರು.