ಹಾರ್ನ್ ಹೊಡೆಯದ ಡ್ರೈವರ್ ಮಾವ

ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮೇಲೂ ಅವರು ಎಲ್ಲರಿಗೂ ಡ್ರೈವರ್ ಮಾವನೇ. ಸುಮ್ಮನೆ ಕೈಕಟ್ಟಿ ಕೂರುವ ಜೀವವಲ್ಲ. ಹಿತ್ತಿಲಲ್ಲಿ ಒಂಬತ್ತು ಕುರಿ ಸಾಕಿಕೊಂಡರು. ಮೇವಿನ ಹೊತ್ತಿಗೆ ಹಳೆಯ ರಬ್ಬರ್ ಹಾರ್ನ್ ಒತ್ತಿದರೆ ಸಾಕು, ಎಲ್ಲವೂ ಬಿದ್ದಂಬೀಳ ಓಡಿ ಬರುತ್ತಿದ್ದವು. ಎಲ್ಲಕ್ಕಿಂತ ಮುಂದೆ ಕಂಡಕ್ಟರ್, ಮಾವನೇ ಬಾಟಲಿ ಹಾಲು ಕುಡಿಸಿ ಬದುಕಿಸಿದ್ದ ಹೆಣ್ಣು ಕುರಿ. ಅದಕ್ಕೆ ಯಾವಾಗಲೂ ಒಂದು ಹಿಡಿ ಹೆಚ್ಚು. ಹೆಂಡತಿ ಈ ಪಕ್ಷಪಾತವನ್ನು ಆಡಿಕೊಂಡರೆ ಮಾವನಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ.

ಹಾಕುತ್ತಿದ್ದದ್ದು ಹಸುವಿನ ಫೀಡು. ಪಕ್ಕದ ಮನೆಯಲ್ಲಿರುವ ತಂಗಿ ಹಸುಗಳನ್ನು ಮಾರಿದಾಗ ಉಳಿದ ಐದು ಮೂಟೆ ಕೊಟ್ಟಿದ್ದಳು. ಹಸುವಿಗೆ ಒಳ್ಳೆಯದಾದದ್ದು ಕುರಿಗೆ ಕೆಟ್ಟದ್ದಾದೀತೇ ಎಂದು ಮಾವ ನಾಲ್ಕು ತಿಂಗಳು ಧಾರಾಳವಾಗಿ ಹಾಕಿದರು. ಕುರಿಗಳೂ ಮೈಕೈ ತುಂಬಿಕೊಂಡವು.

ಉಣ್ಣೆ ಕತ್ತರಿಸಿದ ಮರುದಿನ ಒಂದು ಕುರಿ ಮಂಕಾಗಿ ನಿಂತಿತು. ಕಣ್ಣು ಹಳದಿ, ಉಚ್ಚೆ ಕಾಫಿ ಬಣ್ಣ. ಸಂಜೆಯೊಳಗೆ ಸತ್ತೇ ಹೋಯಿತು.

ದನದ ಡಾಕ್ಟರಮ್ಮ ಬಂದವರು ಮೊದಲು ಮೂಟೆ ತಿರುಗಿಸಿ ನೋಡಿದರು.

"ಇದರಲ್ಲಿ ತಾಮ್ರ ಜಾಸ್ತಿ. ಹಸು ತಡ್ಕೊಳ್ಳತ್ತೆ, ಕುರಿಗೆ ಆಗಲ್ಲ. ಲಿವರಿನಲ್ಲಿ ಸೇರ್ಕೊಂಡು ಕೂತಿರತ್ತೆ. ಗಾಬರಿಯೋ ಆಯಾಸವೋ ಆದ್ರೆ ಒಂದೇ ಸಲ ರಕ್ತಕ್ಕೆ ಬರತ್ತೆ. ಕುರಿಗೆ ಹಾಕಬೇಡಿ ಅಂತ ಇಲ್ಲೇ ಬರೆದಿದೆಯಲ್ಲ."

ಮಾವ ಮೂವತ್ತೊಂದು ವರ್ಷದಲ್ಲಿ ರಸ್ತೆ ಬದಿಯ ಒಂದು ಬೋರ್ಡನ್ನೂ ಓದದೆ ಮುಂದೆ ಹೋದವರಲ್ಲ. ಈ ಮೂಟೆಗಳನ್ನು ಮಾತ್ರ ಹೊಲಿಗೆ ಬಿಚ್ಚಲು ಬೇಕಾದಷ್ಟೇ ನೋಡಿದ್ದರು. ನಾಚಿಕೆಯಿಂದ ತಲೆ ತಗ್ಗಿತು.

"ಉಳಿದ ಎಂಟು?"

"ಔಷಧಿ ಕೊಡ್ತೀನಿ. ಆರು ವಾರ ಕಾಯ್ಬೇಕು. ಓಡಿಸ್ಬೇಡಿ, ಬೆದರಿಸ್ಬೇಡಿ. ಯಾವುದು ಜಾಸ್ತಿ ತಿಂದಿದೆಯೋ ಅದಕ್ಕೇ ಜಾಸ್ತಿ ಅಪಾಯ."

ಮಾವನಿಗೆ ಕಂಡಕ್ಟರ್ ಕಡೆ ನೋಡುವ ಧೈರ್ಯವಾಗಲಿಲ್ಲ.

ಹಾರ್ನು ಬಟ್ಟೆ ಸುತ್ತಿಸಿಕೊಂಡು ಬೀರು ಸೇರಿತು. ಮರುದಿನ ಬೆಳಿಗ್ಗೆ ಮಾವ ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು ಕೊಟ್ಟಿಗೆಯ ಬಾಗಿಲು ತೆರೆದದ್ದೇ ತಡ, ಕಂಡಕ್ಟರ್ ಆ ತುದಿಯಿಂದ ನೆಗೆಯುತ್ತ ಓಡಿ ಬಂದು ಅವರ ಅಂಗೈಗೆ ಮೂತಿ ಒತ್ತಿತು. ಅದಕ್ಕೆ ಹಾರ್ನ್ ಬೇಕಿರಲಿಲ್ಲ. ಮಾವನನ್ನು ಕಂಡರೇ ಸಾಕಾಗಿತ್ತು.

ಅಂದಿನಿಂದ ಮೇವು ಹಾಕುವುದು ಹೆಂಡತಿಯ ಕೆಲಸ. ಆಕೆಯನ್ನು ಕಂಡರೆ ಕಂಡಕ್ಟರ್ ಓಡುವುದಿಲ್ಲ. ಮಾವ ಅಡುಗೆಮನೆಯ ಕಿಟಕಿಯ ಮರೆಯಲ್ಲಿ, ಅದಕ್ಕೆ ಕಾಣದ ಹಾಗೆ ನಿಲ್ಲುತ್ತಾರೆ. ಆಕೆ ಒಂದೊಂದರ ಕಣ್ಣುರೆಪ್ಪೆ ಬಿಡಿಸಿ ನೋಡಿ ಒಳಗೆ ಬರುವ ತನಕ ಇವರ ಕಾಲು ಒಂದು ಕಡೆ ನಿಲ್ಲುವುದಿಲ್ಲ.

"ಅದರ ಕಣ್ಣು?"

"ಇವತ್ತೂ ಬೆಳ್ಳಗಿದೆ ರೀ. ಬಾಗಿಲ ಕಡೆನೇ ನೋಡ್ತಾ ನಿಂತಿತ್ತು."

"ಇನ್ನೂ ಇಪ್ಪತ್ತಾರು ದಿನ," ಎಂದು ಮಾವ ಕಿಟಕಿಯಿಂದ ಇನ್ನೊಂದು ಹೆಜ್ಜೆ ಹಿಂದೆ ಸರಿದರು.